ನಗೆಯೊಳಗಿನ ಭಯ



ಆಡಿದ ಮಾತೂ ಒಡೆದ ಮುತ್ತೂ ಮರಳಿ ಬಾರವೆಂಬುದನ್ನು ನೀವು ಬಲ್ಲಿರಿ. ಮರಳಿ ಬಾರದ ಒಂದು ಆಜ್ಞೆಯ ಕಥೆಯನ್ನು ಈ ಪಾಠದಲ್ಲಿ ವಿಚಾರಿಸೋಣ.

ಪರಮಾಣು ಯುದ್ಧವು ಒಬ್ಬನ ದೋಷದಿಂದಲೇ ಆರಂಭವಾಗಬಹುದೆಂದು ತೋರಿಸುವ ಗಂಭೀರ ಕಾದಂಬರಿಯೊಂದನ್ನು ಬ್ರಿಟಿಷ್ ಲೇಖಕ ಪೀಟರ್ ಜಾರ್ಜ್ ಎಂಬವರು 1958ರಲ್ಲಿ ಪ್ರಕಟಿಸಿದರು. ಸ್ಟಾನ್ಲಿ ಕುಬ್ರಿಕ್ ಎಂಬ ನಿರ್ದೇಶಕರು ಅದನ್ನು ಗಂಭೀರ ಚಿತ್ರವನ್ನಾಗಿಯೇ ಮಾಡಲೆಳಸಿದರು. ಆದರೆ ಬರೆಯುತ್ತಾ ಹೋದಂತೆ, ಆ ಸಂಗತಿಗಳ ಅಸಂಬದ್ಧತೆಯೇ ನಗೆಯನ್ನು ಹುಟ್ಟಿಸುವುದೆಂದು ಕಂಡುಕೊಂಡರು. ಹೀಗೆ 1964ರಲ್ಲಿ ‘ಡಾಕ್ಟರ್ ಸ್ಟ್ರೇಂಜ್‌ಲವ್’ ಎಂಬ ವಿಡಂಬನ ಚಿತ್ರವು ಹೊರಬಂದಿತು.

ಕಥಾಸಾರವು ಹೀಗಿದೆ. ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವುದು ಶತ್ರುಗಳ ಸಂಚೆಂದು ನಂಬಿದ ಅಮೆರಿಕದ ಸೇನಾಪತಿಯೊಬ್ಬನು, ಮತಿಭ್ರಮೆಯಿಂದ ತನ್ನ ವಿಮಾನಗಳನ್ನು ಸೋವಿಯತ್ ದೇಶದ ಮೇಲೆ ಕಳುಹಿಸುತ್ತಾನೆ. ಅವುಗಳನ್ನು ಹಿಂದಕ್ಕೆ ಕರೆಯುವ ಮೂರಕ್ಷರದ ಸಂಕೇತವು ಅವನೊಬ್ಬನಿಗೇ ಗೊತ್ತು. ಇತ್ತ ಸೋವಿಯತ್ತರು, ಬಾಂಬು ಬಿದ್ದೊಡನೆ ಸಕಲ ಜೀವಿಗಳನ್ನೂ ನಾಶಮಾಡುವ, ಯಾರಿಂದಲೂ ನಿಲ್ಲಿಸಲಾಗದ ಯಂತ್ರವೊಂದನ್ನು ಸ್ಥಾಪಿಸಿರುತ್ತಾರೆ. ಆದರೆ ಲೋಕಕ್ಕೆ ಇನ್ನೂ ತಿಳಿಸಿರುವುದಿಲ್ಲ! ಹೆದರಿಸುವುದಕ್ಕಾಗಿ ಮಾಡಿದ ವಸ್ತುವನ್ನು ಗುಟ್ಟಾಗಿಟ್ಟರೆ ಹೆದರುವವರು ಯಾರು? ಕಡೆಗೆ ಸಂಕೇತವು ದೊರೆತು, ನಾಶವಾಗದೆ ಉಳಿದ ವಿಮಾನಗಳು ಹಿಂದಿರುಗುತ್ತವೆ. ರೇಡಿಯೋ ಕೆಟ್ಟ ಒಂದು ವಿಮಾನ ಮಾತ್ರ ಮುಂದಕ್ಕೆ ಹೋಗಿ ಬಾಂಬು ಹಾಕುತ್ತದೆ.

ಆ ವಿಮಾನದವರು ದುಷ್ಟರಲ್ಲ. ಧೈರ್ಯಶಾಲಿಗಳು, ಕುಶಲರು, ವಿಧೇಯರು. ಆಜ್ಞೆಯು ನಿಯಮದಂತೆ ಬಂದಿದೆಯೋ ಎಂದು ಪರೀಕ್ಷಿಸಿಯೇ ಹೊರಟವರು. ಅವರ ಸದ್ಗುಣಗಳೇ ಲೋಕನಾಶಕ್ಕೆ ಸಾಧನಗಳಾದವು. ವಿಡಂಬನೆಯ ಮರ್ಮವು ಇದೇ: ನಾವು ನಗುತ್ತೇವೆ, ನಕ್ಕ ಮೇಲೆ ನಡುಗುತ್ತೇವೆ.

ಇದು ಬರಿಯ ಕಟ್ಟುಕಥೆಯೆನ್ನಬೇಡಿರಿ. 1979ನೆಯ ನವೆಂಬರ್ 9ರಂದು ಅಭ್ಯಾಸಕ್ಕಾಗಿ ಸಿದ್ಧಪಡಿಸಿದ ದಾಳಿಯೊಂದು ಅಮೆರಿಕದ ರಕ್ಷಣಾ ಗಣಕಯಂತ್ರಗಳಲ್ಲಿ ನಿಜವಾದ ದಾಳಿಯಂತೆ ಕಾಣಿಸಿಕೊಂಡಿತು. 1983ನೆಯ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ವ್ಯವಸ್ಥೆಯು, ಅಮೆರಿಕದಿಂದ 5 ಕ್ಷಿಪಣಿಗಳು ಹೊರಟಿವೆಯೆಂದು ಸೂಚಿಸಿತು. ಕಾವಲಿನಲ್ಲಿದ್ದ ಸ್ತಾನಿಸ್ಲಾವ್ ಪೆತ್ರೋವ್ ಎಂಬ ಅಧಿಕಾರಿಯು, ನಿಜವಾದ ಯುದ್ಧವನ್ನು ಯಾರೂ ಐದೇ ಕ್ಷಿಪಣಿಗಳಿಂದ ಆರಂಭಿಸಲಾರರೆಂದು ಯೋಚಿಸಿ, ಅದು ಸುಳ್ಳು ಸೂಚನೆಯೆಂದು ಮೇಲಿನವರಿಗೆ ತಿಳಿಸಿದರು. ಹಾಗೆಯೇ ಆಗಿತ್ತು, ಮೋಡಗಳ ಮೇಲೆ ಹೊಳೆದ ಸೂರ್ಯಪ್ರಕಾಶವು ಯಂತ್ರವನ್ನು ಮೋಸಗೊಳಿಸಿತ್ತು.

ಗಂಟೆ ಬಾರಿಸಿದೊಡನೆ ಸಾಲಾಗಿ ನಿಲ್ಲಿರೆಂದು ನಿಮಗೆ ಕಲಿಸುವವಳು ನಾನೇ. ಆ ಮಾತನ್ನು ಹಿಂತೆಗೆಯುವುದಿಲ್ಲ. ಆದರೆ ವಿಧೇಯತೆಯನ್ನು ಮಾತ್ರ ಕಲಿಸಿ ವಿವೇಚನೆಯನ್ನು ಕಲಿಸದಿದ್ದರೆ, ನಿಮಗೆ ಅರ್ಧ ಪಾಠವನ್ನೇ ಹೇಳಿದವಳಾಗುವೆನು. ಆಜ್ಞೆಯು ಕ್ರಮವಾಗಿ ಬಂದಿದೆಯೋ ಎಂದು ಕೇಳುವುದು ಒಂದು. ಅದು ಸತ್ಯವೋ, ನ್ಯಾಯವೋ ಎಂದು ಕೇಳುವುದು ಮತ್ತೊಂದು. ಮನಸ್ಸಾಕ್ಷಿಯನ್ನು ದೇವರು ಯಂತ್ರಕ್ಕೆ ಕೊಡಲಿಲ್ಲ, ನಮಗೆ ಕೊಟ್ಟಿದ್ದಾನೆ. ಅದನ್ನು ತುಕ್ಕು ಹಿಡಿಯಗೊಡದಿರಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಗಂಭೀರ ಕಾದಂಬರಿಯು ನಗೆಯ ಚಿತ್ರವಾದುದೇಕೆ?
2. ಗುಟ್ಟಾಗಿಟ್ಟ ಯಂತ್ರದಿಂದ ರಕ್ಷಣೆಯಾಗದೆ ಹೋದುದು ಹೇಗೆ?
3. ಚಿತ್ರದ ವಿಮಾನದವರಿಗೂ ಪೆತ್ರೋವರಿಗೂ ಇರುವ ಭೇದವೇನು?