ಚರ್ಮಕ್ಕೂ ಆರೈಕೆ ಬೇಕು

ಮುಂಗಾರು ಶುರುವಾದರೆ ಕಣಕಟ್ಟೆ ಹೋಬಳಿಯ ಹೊಲ, ತೆಂಗಿನ ತೋಟಗಳಲ್ಲಿ ಕೆಸರು. ಹೊಲದಿಂದ ಬಂದವರ ಚಪ್ಪಲಿ ತುಂಬಾ ಮಣ್ಣು. ಬಾಗಿಲ ಹತ್ತಿರ ಬಿಟ್ಟ ಚಪ್ಪಲಿ ನಾಲ್ಕು ದಿನಕ್ಕೆ ಬೂಸಲು ಹಿಡಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಾರು ಒಡೆಯುತ್ತದೆ. ಮತ್ತೆ ಹೊಸ ಚಪ್ಪಲಿ, ಮತ್ತೆ ಖರ್ಚು.

ಆದರೆ ಒಳ್ಳೆಯ ಚರ್ಮದ ಚಪ್ಪಲಿ ಒಂದೇ ಮಳೆಗಾಲಕ್ಕೆ ಹಾಳಾಗಬೇಕಾಗಿಲ್ಲ. ಸರಿಯಾಗಿ ನೋಡಿಕೊಂಡರೆ ಕೆಲವು ವರ್ಷ ಬರುತ್ತದೆ. ಅದು ಹೇಗೆ? ಓದಿ ತಿಳಿಯೋಣ.

ಚರ್ಮ ಎಂದರೇನು?

ಹಸಿ ಚರ್ಮ ಹಾಗೇ ಇಟ್ಟರೆ ಕೊಳೆಯುತ್ತದೆ. ಅದಕ್ಕೇ ಅದನ್ನು ಹದ ಮಾಡುತ್ತಾರೆ. ಮೊದಲು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಆಮೇಲೆ ಮರಗಿಡಗಳ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ಬಹಳ ದಿನ ನೆನೆಸುತ್ತಾರೆ. ತೊಗಟೆಯ ಒಗರು ಚರ್ಮದೊಳಗೆ ಸೇರುತ್ತದೆ. ಆಗ ಚರ್ಮ ಬೇಗ ಕೊಳೆಯುವುದಿಲ್ಲ. ಇದು ಹಳೆಯ ಪದ್ಧತಿ. ಈಗ ಬಹಳ ಕಾರ್ಖಾನೆಗಳಲ್ಲಿ ಕ್ರೋಮ್ ಎಂಬ ಲೋಹದ ಉಪ್ಪಿನಿಂದ ಹದ ಮಾಡುತ್ತಾರೆ.

ಚರ್ಮದೊಳಗೆ ಸಣ್ಣ ಸಣ್ಣ ಎಳೆಗಳಿವೆ. ತೆಂಗಿನ ಸಿಪ್ಪೆಯ ನಾರಿನ ಹಾಗೆ ಅವು ಒಂದಕ್ಕೊಂದು ಹೆಣೆದುಕೊಂಡಿವೆ. ಎಳೆಗಳ ನಡುವೆ ಎಣ್ಣೆಯ ಪಸೆ ಇದ್ದರೆ ಚರ್ಮ ಮೆತ್ತಗಿರುತ್ತದೆ, ಬಾಗುತ್ತದೆ. ಪಸೆ ಹೋದರೆ ಸೆಟೆಯುತ್ತದೆ, ಒಡೆಯುತ್ತದೆ.

ನಮ್ಮ ಹಿಮ್ಮಡಿ ನೋಡಿಕೊಳ್ಳಿ. ಬಿಸಿಲು, ಗಾಳಿ, ಸೋಪಿನ ನೀರು ತಾಗಿ ತಾಗಿ ಅದು ಬಿರಿಯುತ್ತದೆ. ಎಣ್ಣೆ ಸವರಿದರೆ ಮೆತ್ತಗಾಗುತ್ತದೆ. ಚಪ್ಪಲಿಯ ಚರ್ಮವೂ ಹೀಗೆಯೇ. ಒಂದೇ ವ್ಯತ್ಯಾಸ. ನಮ್ಮ ಚರ್ಮಕ್ಕೆ ಜೀವ ಇದೆ, ಅದು ಮತ್ತೆ ಬೆಳೆಯುತ್ತದೆ. ಚಪ್ಪಲಿಯ ಚರ್ಮ ಒಮ್ಮೆ ಒಡೆದರೆ ಮತ್ತೆ ಕೂಡುವುದಿಲ್ಲ. ಒಡೆಯುವ ಮೊದಲೇ ನೋಡಿಕೊಳ್ಳಬೇಕು.

ಒಲೆ ಹತ್ತಿರ ಬೇಡ

ಮಳೆಯಲ್ಲಿ ನೆನೆದು ಬಂದ ಸೊಸೆ ಅತ್ತೆಯನ್ನು ಕೇಳಿದಳು:

"ಅತ್ತೆಮ್ಮಾ, ಚಪ್ಲಿ ಒಲೆ ಹತ್ರ ಇಡ್ಲಾ? ಬೇಗ ಒಣಗ್ತದೆ."

"ಬ್ಯಾಡ ಕಣವ್ವ. ಒಲೆ ಕಾವಿಗೆ ಅಟ್ಟೆ ಸೆಟ್ಕೊಂಡು ಹೋಯ್ತದೆ."

"ಹಂಗಾದ್ರೆ ನಾಳೆ ಬಿಸ್ಲಿಗೆ ಇಡ್ತೀನಿ."

"ಬಿಸ್ಲೂ ಬ್ಯಾಡ. ನೆಳ್ಳಾಗೆ ಗಾಳಿ ಆಡೋ ಕಡೆ ಇಡು. ಒಂದಿನ ತಡ ಆದ್ರೂ ಚಪ್ಲಿ ಉಳಿತದೆ."

ಅತ್ತೆ ಹೇಳಿದ್ದು ಸರಿ. ನೆನೆದ ಚರ್ಮ ಜೋರು ಶಾಖಕ್ಕೆ ಒಣಗಿದರೆ ಎಳೆಗಳು ಕುಗ್ಗಿ ಅಂಟಿಕೊಳ್ಳುತ್ತವೆ. ಆಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಮೊದಲಿನ ಹಾಗೆ ಆಗುವುದಿಲ್ಲ.

ಚಪ್ಪಲಿಯ ಆರೈಕೆ

1. ಕೆಸರಾದ ಚಪ್ಪಲಿಯನ್ನು ನೀರಿನಲ್ಲಿ ಅದ್ದಬೇಡಿ. ಮಣ್ಣು ಒಣಗಲಿ. ಅಡಿಭಾಗವನ್ನು ನಾರಿನಿಂದ ಉಜ್ಜಿ. ಮೇಲಿನ ಬಾರನ್ನು ಮೆತ್ತನೆ ಬಟ್ಟೆಯಿಂದ ಒರೆಸಿ.

2. ಕೊಳೆ ಉಳಿದಿದ್ದರೆ ಬಟ್ಟೆಯನ್ನು ನೀರಿಗೆ ಅದ್ದಿ, ಚೆನ್ನಾಗಿ ಹಿಂಡಿ, ಒರೆಸಿ.

3. ನೆರಳಿನಲ್ಲಿ ಒಣಗಿಸಿ. ಬೂಟಾದರೆ ಒಳಗೆ ಹಳೆಯ ಪೇಪರ್ ತುರುಕಿ. ಅದು ನೀರು ಹೀರುತ್ತದೆ. ಪೇಪರ್ ಒದ್ದೆಯಾದರೆ ಬದಲಾಯಿಸಿ.

4. ಪೂರಾ ಒಣಗಿದ ಮೇಲೆ ನಾಲ್ಕೈದು ಹನಿ ಹರಳೆಣ್ಣೆಯನ್ನು ಬಟ್ಟೆಗೆ ಹಾಕಿ ತೆಳುವಾಗಿ ಸವರಿ. ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ. ಎಣ್ಣೆಯಿಂದ ಬಣ್ಣ ಸ್ವಲ್ಪ ಕಪ್ಪಾಗಬಹುದು. ಮೊದಲು ಕಾಣದ ಜಾಗಕ್ಕೆ ಹಚ್ಚಿ ನೋಡಿ. ಎಣ್ಣೆ ಜಾಸ್ತಿಯಾದರೆ ಧೂಳು ಮೆತ್ತುತ್ತದೆ.

5. ಬೂಸಲು ಬಂದಿದ್ದರೆ ಮನೆಯ ಹೊರಗೆ ಒಯ್ದು ಒಣ ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನು ಒಗೆಯಿರಿ. ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಗಾಳಿ ಇಲ್ಲದ ಕಡೆ ಬೂಸಲು ಬೇಗ ಬೆಳೆಯುತ್ತದೆ.

ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಒಳ್ಳೇದು. ಬಟ್ಟೆಗೆ ಸೋಪಿನ ಪುಡಿ ಒಳ್ಳೇದು. ಚರ್ಮಕ್ಕೆ ಎರಡೂ ಬೇಡ. ಸೀಮೆಎಣ್ಣೆ, ಪೆಟ್ರೋಲ್ ಅಂತೂ ಬೇಡವೇ ಬೇಡ. ಅವು ಚರ್ಮದ ಪಸೆಯನ್ನೇ ತೆಗೆಯುತ್ತವೆ. ಬೆಂಕಿಯ ಭಯವೂ ಇದೆ.

ಕಾಲಿನ ಕಡೆಗೂ ಗಮನ ಕೊಡಿ

ಸೆಟೆದ ಬಾರು ಕಾಲನ್ನು ಕೊರೆಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು. ಗಾಯ ಆದದ್ದೇ ಗೊತ್ತಾಗುವುದಿಲ್ಲ. ಗಾಯ ಕೊಳೆತರೆ ಬೆರಳನ್ನೇ ತೆಗೆಯಬೇಕಾದೀತು, ಕೆಲವೊಮ್ಮೆ ಕಾಲನ್ನೂ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ದಿನವೂ ಅವರ ಪಾದ ನೋಡಿ. ಚಪ್ಪಲಿಯ ಒಳಗೂ ಕೈಯಾಡಿಸಿ ನೋಡಿ. ಮುಳ್ಳು, ಮೊಳೆ, ಒರಟು ಹೊಲಿಗೆ ಇರಬಾರದು. ಗಾಯ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕಾರಿನ ಸೀಟು ಬೇರೆ

ನಮ್ಮ ಮಕ್ಕಳು, ತಮ್ಮಂದಿರು ಕೆಲವರು ಕಾರು ಓಡಿಸಿ ಬದುಕುತ್ತಾರೆ. ಕಾರನ್ನು ಒರೆಸಿ ಕೂಲಿ ಪಡೆಯುವ ಹೆಂಗಸರೂ ಇದ್ದಾರೆ. ಕೆಲವು ಕಾರುಗಳಲ್ಲಿ ಚರ್ಮದ ಸೀಟು ಇರುತ್ತದೆ. ಅದಕ್ಕೂ ಹರಳೆಣ್ಣೆ ಹಚ್ಚಬಹುದೇ?

ಹಚ್ಚಬಾರದು. ಈಗಿನ ಕಾರಿನ ಸೀಟಿನ ಚರ್ಮದ ಮೇಲೆ ಸಾಮಾನ್ಯವಾಗಿ ಬಣ್ಣದ ತೆಳು ಲೇಪ ಇರುತ್ತದೆ. ಎಣ್ಣೆ ಒಳಗೆ ಇಳಿಯುವುದಿಲ್ಲ. ಮೇಲೇ ನಿಂತು ಜಿಗುಟಾಗುತ್ತದೆ. ಕೂತವರ ಸೀರೆಗೆ, ಪಂಚೆಗೆ ಕಲೆಯಾಗುತ್ತದೆ.

ಸೀಟಿನ ಹೊಲಿಗೆ ಸಂದಿಯ ಧೂಳನ್ನು ಮೊದಲು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಧೂಳಿನ ಮೇಲೆ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ನೀರು ಸುರಿಯಬೇಡಿ. ಹೊಲಿಗೆಯ ತೂತಿನಿಂದ ಒಳಗಿನ ಸ್ಪಂಜಿಗೆ ನೀರು ಇಳಿದರೆ ವಾಸನೆ ಬರುತ್ತದೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿದರೆ ಸೀಟು ಬಹಳ ಕಾಲ ಬರುತ್ತದೆ.

ಚರ್ಮವೋ, ರೆಕ್ಸಿನ್ನೋ?

ಚಪ್ಪಲಿ ಕೊಳ್ಳುವಾಗ ಕತ್ತರಿಸಿದ ಅಂಚನ್ನು ನೋಡಿ. ಚರ್ಮವಾದರೆ ನಾರು ನಾರಾಗಿ ಕಾಣುತ್ತದೆ. ರೆಕ್ಸಿನ್ ಆದರೆ ಕೆಳಗೆ ಬಟ್ಟೆಯ ನೇಯ್ಗೆ, ಮೇಲೆ ಪ್ಲಾಸ್ಟಿಕ್ ಪದರ ಕಾಣುತ್ತದೆ. ರೆಕ್ಸಿನ್ ಕೆಟ್ಟದ್ದಲ್ಲ. ಆದರೆ ರೆಕ್ಸಿನ್ನಿಗೆ ಚರ್ಮದ ಬೆಲೆ ಕೊಡಬೇಡಿ. ಬಿಲ್ಲು ಕೇಳಿ ಪಡೆಯಿರಿ. ಅದರಲ್ಲಿ ದಿನಾಂಕ, ಬೆಲೆ ನೀವೇ ಓದಿ. ಈಗ ನಿಮಗೆ ಓದಲು ಬರುತ್ತದೆ.

ಮಾಡುವ ಕೈಗೆ ಗೌರವ

ನಮ್ಮ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲೂ ಕೊಲ್ಹಾಪುರಿ ಚಪ್ಪಲಿ ಮಾಡುತ್ತಾರೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರು ಆ ಊರುಗಳ ಕುಶಲಕರ್ಮಿಗಳದು ಎಂದು ಸರ್ಕಾರ ಒಪ್ಪಿತು. ಆ ಕೆಲಸದಲ್ಲಿ ಹೆಂಗಸರ ಕೈಯೂ ಇದೆ. ಚರ್ಮದ ಕೆಲಸಗಾರರಿಗಾಗಿ ನಮ್ಮ ರಾಜ್ಯದಲ್ಲಿ 1976ರಲ್ಲಿ ಒಂದು ನಿಗಮವೂ ಆಯಿತು. ಅದನ್ನು ಜನ ಲಿಡ್ಕರ್ ಎನ್ನುತ್ತಾರೆ.

12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಎಂಬ ಶರಣರಿದ್ದರು. ಚಪ್ಪಲಿ ಹೊಲಿಯುವುದು ಅವರ ಕಾಯಕ. ಹರಳಯ್ಯ ಮತ್ತು ಅವರ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರು ಎಂಬ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಆ ಕಾಯಕದವರನ್ನು ಕೀಳಾಗಿ ಕಾಣುವುದು ತಪ್ಪು. ಅಸ್ಪೃಶ್ಯತೆ ಆಚರಿಸುವುದು 1955ರ ಕಾನೂನಿನ ಪ್ರಕಾರ ಅಪರಾಧ.

ಬಾರು ಸಡಿಲವಾದ ಕೂಡಲೇ ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಒಯ್ಯಿರಿ. ಅವರು ಹಾಕುವ ನಾಲ್ಕು ಹೊಲಿಗೆಯಿಂದ ಚಪ್ಪಲಿ ಇನ್ನೊಂದು ಮಳೆಗಾಲ ಕಾಣುತ್ತದೆ. ಅವರ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.

ನೆನಪಿಡಿ

ನೀರು ಕಡಿಮೆ, ನೆರಳು ಜಾಸ್ತಿ, ಎಣ್ಣೆ ಹಿತಮಿತ.

ಉತ್ತರ ಹೇಳಿ

1. ನೆನೆದ ಚಪ್ಪಲಿಯನ್ನು ಒಲೆ ಹತ್ತಿರ ಏಕೆ ಇಡಬಾರದು?
2. ಕಾರಿನ ಸೀಟಿಗೆ ಹರಳೆಣ್ಣೆ ಏಕೆ ಬೇಡ?
3. ಸಕ್ಕರೆ ಕಾಯಿಲೆ ಇದ್ದವರ ಪಾದವನ್ನು ದಿನವೂ ಏಕೆ ನೋಡಬೇಕು?

ಮಾಡಿ ನೋಡಿ

ನಿಮ್ಮ ಮನೆಯಲ್ಲಿರುವ ಚರ್ಮದ ವಸ್ತುಗಳ ಹೆಸರು ಬರೆಯಿರಿ. ಯಾವುದನ್ನು ಎಷ್ಟು ಹಣ ಕೊಟ್ಟು ತಂದಿರಿ, ಯಾವ ವರ್ಷ ತಂದಿರಿ ಎಂದೂ ಪಕ್ಕದಲ್ಲಿ ಬರೆಯಿರಿ.