ಜ್ವರ ಬಿಟ್ಟರೂ ಸುಸ್ತು ಬಿಡದಿದ್ದರೆ

ಕೋವಿಡ್ ಬಂದು ಹೋದವರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಜ್ವರ ಬಿಟ್ಟ ಮರುದಿನವೇ ಜಿಮ್ಮಿಗೋ ತೋಟಕ್ಕೋ ಮೂರನೇ ಮಹಡಿಯ ಆಫೀಸಿಗೋ ಹೊರಟುಬಿಡುವುದು ಮೊದಲನೆಯದು. ಹತ್ತು ದಿನ ಬಿಟ್ಟು ಮೈ ಮಾತು ಕೇಳದಾದಾಗ ಗಾಬರಿಬಿದ್ದು, ಲ್ಯಾಬಿನವರ ಪ್ಯಾಕೇಜಿಗೆ ಸಾವಿರಗಟ್ಟಲೆ ಸುರಿದು, ಎಲ್ಲವೂ ನಾರ್ಮಲ್ ಎಂಬ ವರದಿ ಕೈಗೆ ಬಂದಾಗ ಇನ್ನಷ್ಟು ಕಂಗಾಲಾಗುವುದು ಎರಡನೆಯದು. ಸುಸ್ತು ನಿಜ, ವರದಿಯೂ ನಿಜ. ದೀರ್ಘ ಕೋವಿಡ್ ಇದೆ ಅಥವಾ ಇಲ್ಲ ಎಂದು ಒಂದೇ ಏಟಿಗೆ ಹೇಳಿಬಿಡುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಹಾಗಾಗಿ ದುಬಾರಿ ಪರೀಕ್ಷೆಗಳಿಗಿಂತ ರೋಗಿಯೇ ತನ್ನ ದಿನಚರಿಯನ್ನು ಗಮನಿಸುವುದು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಗಮನಿಸಬೇಕಾದ ಸೂತ್ರವೂ ಒಂದೇ: ಎಷ್ಟು ದುಡಿಯಬಹುದು ಎಂಬುದನ್ನು ಇವತ್ತಿನ ಹುರುಪು ನೋಡಿ ತೀರ್ಮಾನಿಸಬೇಡಿ, ನಾಡಿದ್ದು ಮೈ ಹೇಗಿರುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಿ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತು ಎಂದಿತು. ವೈರಸ್ ಮುಗಿಯಿತು ಎಂದಿರಲಿಲ್ಲ. 2025ರ ಮೇ–ಜೂನ್‌ನಲ್ಲಿ ನಮ್ಮಲ್ಲೇ ಪ್ರಕರಣಗಳು ಮತ್ತೆ ಏರಿದ್ದವು. ಸೋಂಕು ತಗುಲಿ ಮೂರು ತಿಂಗಳಾದ ಮೇಲೂ ಕಾಡುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ತೊಂದರೆಗಳನ್ನು ಕೋವಿಡೋತ್ತರ ಸ್ಥಿತಿ ಎಂದು ಇದೇ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಗುರುತಿಸಿತ್ತು. ಸುಸ್ತು, ಏದುಸಿರು, ಮರೆವು ಇವುಗಳಲ್ಲಿ ಮುಖ್ಯ. ಹೃದಯದ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು ಅಮೆರಿಕದ ನಿವೃತ್ತ ಸೈನಿಕರ ಆರೋಗ್ಯ ದಾಖಲೆಗಳಿಂದ ಜಿಯಾದ್ ಅಲ್-ಅಲಿ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನ. ಸೋಂಕಿತರಾಗಿದ್ದ 1,53,760 ಜನರನ್ನು ಒಂದು ವರ್ಷ ಹಿಂಬಾಲಿಸಿದಾಗ, ಸೋಂಕು ತಗುಲದವರಿಗಿಂತ ಪ್ರತಿ ಸಾವಿರಕ್ಕೆ ಸುಮಾರು 45 ಮಂದಿಯಲ್ಲಿ ಹೆಚ್ಚುವರಿಯಾಗಿ ಹೃದಯ–ರಕ್ತನಾಳದ ಒಂದಲ್ಲ ಒಂದು ತೊಂದರೆ ಕಂಡಿತು. ಆಸ್ಪತ್ರೆ ಸೇರದೆ ಮನೆಯಲ್ಲೇ ಗುಣವಾದವರಲ್ಲೂ ಅಪಾಯ ಸ್ವಲ್ಪ ಏರಿತ್ತು. ಆದರೆ ಅವರಲ್ಲಿ ಬಹುಪಾಲು ವಯಸ್ಸಾದ ಬಿಳಿಯ ಗಂಡಸರು, ಕಾಲ ಲಸಿಕೆ ವ್ಯಾಪಕವಾಗುವ ಮೊದಲಿನದು. ಆ ಅಂಕಿಯನ್ನು ಲಸಿಕೆ ಪಡೆದ ಮೂವತ್ತರ ಶಿವಮೊಗ್ಗದ ಹುಡುಗಿಗೆ ಹಾಗೇ ಅಂಟಿಸಲು ಬರುವುದಿಲ್ಲ.

‘ಹಾಗಾದರೆ ಹಾಸನದಲ್ಲಿ ಆದದ್ದೇನು?’ ಎಂದು ಕೇಳುವವರಿದ್ದಾರೆ. 2025ರ ಜೂನ್–ಜುಲೈನಲ್ಲಿ ಅಲ್ಲಿಂದ ಬಂದ ಹಠಾತ್ ಸಾವುಗಳ ಸುದ್ದಿ ಓದಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಆರೋಗ್ಯವಂತರೂ ಸಾಲುಗಟ್ಟಿದ್ದರು. ರಾಜ್ಯ ಸರ್ಕಾರ ಡಾ. ಕೆ.ಎಸ್. ರವೀಂದ್ರನಾಥ್ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ತಜ್ಞರ ಸಮಿತಿ, ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಹಳೆಯ ಕೋವಿಡ್ ಸೋಂಕಿಗೂ ಲಸಿಕೆಗೂ ನಂಟು ಕಾಣುತ್ತಿಲ್ಲ ಎಂದು ವರದಿ ಕೊಟ್ಟಿತು. ಸೋಂಕಿನ ನಂತರದ ಒಂದು ವರ್ಷದೊಳಗೆ ಉರಿಯೂತದಿಂದ ಅಪಾಯ ಏರಬಹುದು, ಮೂರು ವರ್ಷ ದಾಟಿದ ಮೇಲೆ ಅದನ್ನೇ ಕಾರಣವೆನ್ನಲಾಗದು ಎಂಬುದು ಅದರ ವಿವೇಚನೆ. ಐಸಿಎಂಆರ್ 47 ಆಸ್ಪತ್ರೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ, 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಅಧ್ಯಯನವೂ ಲಸಿಕೆಯನ್ನು ದೋಷಮುಕ್ತಗೊಳಿಸಿತು. ಅದು ಬೊಟ್ಟು ಮಾಡಿದ ಅಂಶಗಳೇ ಬೇರೆ: ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮೊದಲಿನ 48 ಗಂಟೆಗಳಲ್ಲಿ ವಿಪರೀತ ಕುಡಿತ ಅಥವಾ ವಿಪರೀತ ದೈಹಿಕ ಶ್ರಮ. ಎರಡನ್ನೂ ಒಟ್ಟಿಗೆ ಓದಿದರೆ ದಾರಿ ಕಾಣುತ್ತದೆ. 2021ರಲ್ಲಿ ಬಂದುಹೋದ ಕೋವಿಡ್ ನೆನೆದು ಈಗ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಕಳೆದ ತಿಂಗಳು ಬಂದದ್ದನ್ನು ಹಗುರವಾಗಿ ತೆಗೆದುಕೊಳ್ಳಲೂ ಬೇಡಿ.

ಈಗ ಮಾಡಬೇಕಾದ್ದಕ್ಕೆ ಬರೋಣ. ಮೊದಲ ಕೆಲಸ, ಕಾಯಬಾರದ ಲಕ್ಷಣಗಳನ್ನು ಬೇರ್ಪಡಿಸುವುದು. ಸುಮ್ಮನೆ ಕುಳಿತಾಗಲೂ ಏದುಸಿರು, ಎದೆ ಹಿಡಿದಂತಾಗುವುದು, ಪ್ರಜ್ಞೆ ತಪ್ಪುವುದು, ಬಾಯಿ ಸೊಟ್ಟಗಾಗುವುದು ಅಥವಾ ಒಂದು ಬದಿಯ ಕೈಕಾಲು ಸೋಲುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು: ಇವು ಯಾವುವೂ ಮನೆಯಲ್ಲಿ ಕುಳಿತು ಗಮನಿಸುವ ಸಂಗತಿಗಳಲ್ಲ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನ ಹತ್ತಿ. ಇವಿಲ್ಲದೆ ಬರೀ ಸುಸ್ತಿದ್ದರೆ ಎರಡನೆಯ ಕೆಲಸ, ನಮ್ಮಲ್ಲಿ ಮನೆಮನೆಗೂ ಇರುವ ಕಾರಣಗಳನ್ನು ತಳ್ಳಿಹಾಕುವುದು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ಜೊತೆಗೆ ಬಿಪಿ ಅಳತೆ. ಮೊದಲ ಸುತ್ತಿಗೆ ಇಷ್ಟು ಸಾಕು. ಮುಂದಿನದು ವೈದ್ಯರಿಗೆ ಬಿಟ್ಟದ್ದು. ಹೆಂಗಸರ ರಕ್ತಹೀನತೆಯನ್ನೂ ಸಸ್ಯಾಹಾರಿಗಳ ಬಿ12 ಕೊರತೆಯನ್ನೂ ಕೋವಿಡ್ ತಲೆಗೆ ಕಟ್ಟಿದರೆ, ಮಾತ್ರೆಯಿಂದ ವಾಸಿಯಾಗುವ ಸುಸ್ತನ್ನು ವರ್ಷಗಟ್ಟಲೆ ಹೊತ್ತು ತಿರುಗಬೇಕಾದೀತು. ಸಕ್ಕರೆಯನ್ನಂತೂ ಬಿಡಲೇಬೇಡಿ. ಸೋಂಕಿನ ನಂತರದ ತಿಂಗಳುಗಳಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾಗುವ ಸಂಭವ ಹೆಚ್ಚು ಎಂದು ಅಲ್-ಅಲಿ ತಂಡದ ಇನ್ನೊಂದು ಅಧ್ಯಯನ ಹೇಳಿದೆ. ಎಚ್‌ಬಿಎ1ಸಿ 6.5 ಮುಟ್ಟಿದರೆ ಮಧುಮೇಹ, 5.7ರಿಂದ 6.4ರ ನಡುವೆ ಇದ್ದರೆ ಅದರ ಹೊಸ್ತಿಲು.

ಮೂರನೆಯ ಕೆಲಸವೇ ಈ ಲೇಖನ ಬರೆಯಲು ಕಾರಣ. ಬಹಳಷ್ಟು ಮಂದಿ ಎಡವುವುದು ಇಲ್ಲೇ. ಕೋವಿಡ್ ನಂತರದ ಒಂದು ಬಗೆಯ ಸುಸ್ತು ಕೆಲಸ ಮಾಡುವಾಗ ಬರುವುದಿಲ್ಲ. ಮಾಡಿ 12ರಿಂದ 48 ಗಂಟೆ ಕಳೆದ ಮೇಲೆ, ಕೆಲವರಿಗೆ ಇನ್ನೂ ತಡವಾಗಿ, ಮೈಯೆಲ್ಲ ಜಜ್ಜಿದಂತೆ ಬಂದು ಕೆಡವುತ್ತದೆ. ಸೋಮವಾರ ಎದ್ದಾಗ ಮನಸ್ಸು ಉಲ್ಲಾಸವಾಗಿರುತ್ತದೆ. ಇಷ್ಟು ದಿನ ಬಾಕಿ ಉಳಿದ ಬಟ್ಟೆ ಒಗೆದು, ಮನೆ ಒರೆಸಿ, ಸಂಜೆ ಮಾರುಕಟ್ಟೆಗೂ ಹೋಗಿ ಬಂದದ್ದಾಯಿತು. ಮಂಗಳವಾರವೂ ಪರವಾಗಿಲ್ಲ. ಬುಧವಾರ ಬೆಳಗ್ಗೆ ಹಾಸಿಗೆಯಿಂದ ಏಳಲಾಗುವುದಿಲ್ಲ. ಗಂಟಲು ಕೆರೆತ, ಮೈ ಬೆಚ್ಚಗೆ, ತಲೆಯೊಳಗೆ ಮಂಕು, ಎದುರಿಗಿರುವವರ ಹೆಸರೂ ನೆನಪಾಗದು. ಆಗ ಮನೆಯವರು ಹುಡುಕುವ ಕಾರಣ ಮಂಗಳವಾರ ರಾತ್ರಿ ಉಂಡ ಮೊಸರನ್ನ, ಇಲ್ಲವೇ ಕಿಟಕಿಯಿಂದ ಬೀಸಿದ ತಂಡಿ ಗಾಳಿ. ಸೋಮವಾರದ ಬಟ್ಟೆ ಒಗೆತದತ್ತ ಯಾರ ಬೆರಳೂ ಹೋಗುವುದಿಲ್ಲ. ನಾಲ್ಕು ದಿನ ಮಲಗಿ ಸುಧಾರಿಸಿಕೊಂಡು, ಹುರುಪು ಬಂದ ಕೂಡಲೇ ಬಾಕಿ ಕೆಲಸಕ್ಕೆ ಕೈಹಾಕಿ, ಮತ್ತೆ ಎರಡು ದಿನಕ್ಕೆ ಮಲಗುವುದು. ಹೀಗೆ ತಿಂಗಳುಗಳು ಉರುಳುತ್ತವೆ, ಒಂದೊಂದು ಸಲ ಬಿದ್ದಾಗಲೂ ಏಳುವುದು ತಡವಾಗುತ್ತದೆ.

ಇದನ್ನು ಹಿಡಿಯಲು ಬೇಕಾದ್ದು ಬರವಣಿಗೆ, ಏಕೆಂದರೆ ಎರಡು ದಿನದ ಅಂತರವನ್ನು ನೆನಪು ಜೋಡಿಸಿಕೊಡುವುದಿಲ್ಲ. ಹೊಸ ಪುಸ್ತಕ ತರಬೇಡಿ, ಆ್ಯಪ್ ಹಾಕಿಕೊಳ್ಳಬೇಡಿ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನ ಚೌಕವೇ ಸಾಕು. ದಿನವೂ ರಾತ್ರಿ ಅದರಲ್ಲಿ ಎರಡು ಗುರುತು: ಅವತ್ತು ಮಾಡಿದ ದೊಡ್ಡ ಕೆಲಸ ಯಾವುದು, ಸುಸ್ತು ಹತ್ತಕ್ಕೆ ಎಷ್ಟು. ಮೆಟ್ಟಿಲು ಹತ್ತಿದ್ದು, ಮದುವೆಗೆ ಹೋಗಿ ಬಂದದ್ದು ಮಾತ್ರವಲ್ಲ, ಎರಡು ಗಂಟೆ ಕಂಪ್ಯೂಟರ್ ಮುಂದೆ ಲೆಕ್ಕ ನೋಡಿದ್ದು, ಯಾರೊಂದಿಗೋ ಜಗಳವಾಡಿದ್ದು ಕೂಡ ಕೆಲಸವೇ. ತಲೆಗೆ ಬಿದ್ದ ಶ್ರಮವೂ ಮೈಯನ್ನು ಮಲಗಿಸುತ್ತದೆ. ಎರಡು ವಾರ ಬರೆದ ಮೇಲೆ ಸುಸ್ತು ಏಳು ದಾಟಿದ ದಿನಗಳನ್ನು ಸುತ್ತುಹಾಕಿ, ಅದರ ಹಿಂದಿನ ಎರಡು ಚೌಕಗಳನ್ನು ಓದಿ. ಮತ್ತೆ ಮತ್ತೆ ಅದೇ ಕೆಲಸಗಳು ಕಂಡರೆ ನಿಮ್ಮ ಮಿತಿ ಸಿಕ್ಕಿತು ಎಂದರ್ಥ. ಇನ್ನು ಮೇಲೆ ಆ ಮಿತಿಗಿಂತ ಕೆಳಗೇ ನಿಲ್ಲಬೇಕು, ಹುರುಪಿರುವ ದಿನ ಕೂಡ. ಹುರುಪಿನ ದಿನವೇ ಅಪಾಯದ ದಿನ. ಮಿತಿಯನ್ನು ಮೇಲಕ್ಕೆ ಒಯ್ಯುವಾಗ ಒಂದೊಂದು ಹಂತದಲ್ಲೂ ಕನಿಷ್ಠ 7 ದಿನ ಇದ್ದು ಮುಂದೆ ಹೋಗಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ. ಬಿದ್ದರೆ ಹಿಂದಿನ ಹಂತಕ್ಕೆ ಇಳಿಯಬೇಕು, ಹಟ ಹಿಡಿಯಬಾರದು.

ಇದಕ್ಕೆ ವ್ಯಾಯಾಮಪ್ರಿಯರ ಆಕ್ಷೇಪ ಇದ್ದೇ ಇದೆ: ಮಲಗಿದರೆ ಸ್ನಾಯು ಸೊರಗುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ, ನಡೆದರೇ ಶಕ್ತಿ ಬರುವುದು. ಆ ಮಾತು ಅರ್ಧ ಸರಿ. ಐಸಿಯುನಲ್ಲಿ ದಿನಗಟ್ಟಲೆ ಮಲಗಿ ಬಂದವರಿಗೆ ಫಿಸಿಯೋಥೆರಪಿ ಮಾಡಿಸಲೇಬೇಕು, ಮಾಡಿದಷ್ಟೂ ಅವರು ಚೇತರಿಸಿಕೊಳ್ಳುತ್ತಾರೆ. ಶ್ರಮಪಟ್ಟ ಮೇಲೆ ಕುಸಿಯುವವರ ಕಥೆ ಬೇರೆ. ಆ್ಯಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಇಂಥ 25 ಮಂದಿಯಿಂದ, ವ್ಯಾಯಾಮಕ್ಕೆ ಮೊದಲು ಮತ್ತು ನಂತರ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿ 2024ರಲ್ಲಿ ವರದಿ ಮಾಡಿದರು. ವ್ಯಾಯಾಮದ ನಂತರ ಸ್ನಾಯುವಿಗೆ ಆದ ಹಾನಿ ಹೆಚ್ಚಾಗಿತ್ತು, ಜೀವಕೋಶಗಳು ಶಕ್ತಿ ಉತ್ಪಾದಿಸುವ ವ್ಯವಸ್ಥೆಯೂ ಸೊರಗಿತ್ತು. ಚಿಕ್ಕ ಅಧ್ಯಯನ ನಿಜ. ಆದರೆ ‘ಎಲ್ಲ ಮನಸ್ಸಿನ ಭ್ರಮೆ, ಸೋಮಾರಿತನ’ ಎನ್ನುವವರ ಬಾಯಿ ಮುಚ್ಚಿಸಲು ಅಷ್ಟು ಸಾಕು. ಯಾರು ಯಾವ ಗುಂಪು ಎಂದು ತಿಳಿಯುವುದೂ ಅದೇ ಕ್ಯಾಲೆಂಡರಿನಿಂದ. ಹತ್ತು ನಿಮಿಷ ನಡೆದು ನಾಡಿದ್ದು ಹಾಯಾಗಿದ್ದರೆ ನಡಿಗೆ ಹೆಚ್ಚಿಸಿ. ನಾಡಿದ್ದು ಮಲಗಿದರೆ ಹತ್ತನ್ನು ಐದಕ್ಕೆ ಇಳಿಸಿ.

ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು. ದಿನಗೂಲಿಯವರಿಗೆ, ಒಬ್ಬರೇ ಮನೆ ನಿಭಾಯಿಸುವ ಹೆಂಗಸರಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು? ಪೂರ್ತಿ ವಿಶ್ರಾಂತಿ ಕೇಳುತ್ತಿಲ್ಲ, ಕೆಲಸ ಒಡೆದು ಹಂಚಿಕೊಳ್ಳಿ ಎನ್ನುತ್ತಿದ್ದೇನೆ. ತರಕಾರಿ ಹೆಚ್ಚುವುದನ್ನು ಕುಳಿತು ಮಾಡಬಹುದು. ಬಟ್ಟೆಯನ್ನು ಮೂರು ದಿನಕ್ಕೆ ಹಂಚಬಹುದು. ಬಿಸಿನೀರ ಸ್ನಾನ ಮುಗಿದ ಬೆನ್ನಿಗೇ ಅಡುಗೆಗೆ ನಿಲ್ಲದೆ ಹದಿನೈದು ನಿಮಿಷ ಕಾಲು ಚಾಚಬಹುದು, ಸುಸ್ತಾಗುವ ಮೊದಲೇ. ಸುಸ್ತಾದ ಮೇಲೆ ತೆಗೆದುಕೊಂಡ ವಿಶ್ರಾಂತಿಗೆ ಅರ್ಧ ಬೆಲೆ. ಮನೆಯ ಗಂಡಸರು ಒರೆಸುವ ಬಟ್ಟೆ ಕೈಗೆತ್ತಿಕೊಂಡರೆ ಈ ಪ್ಯಾರಾದ ಅಗತ್ಯವೇ ಇರುತ್ತಿರಲಿಲ್ಲ.

ನಾಲ್ಕನೆಯದು, ನಿಂತಾಗ ತಲೆ ಸುತ್ತಿ ಎದೆ ಡವಗುಟ್ಟುವವರಿಗೆ. ಮೊದಲ ಅಲೆಯ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಕಪಾಟಿನಲ್ಲಿರುತ್ತದಲ್ಲ, ತೆಗೆಯಿರಿ. ಎಲ್ಲರೂ ಆಮ್ಲಜನಕದ ಅಂಕಿಯನ್ನೇ ನೋಡುತ್ತಾರೆ, ಪಕ್ಕದ ನಾಡಿಬಡಿತದ ಅಂಕಿಯನ್ನು ಕೇಳುವವರಿಲ್ಲ. ಬೆರಳಿನ ಬಣ್ಣ ಒರೆಸಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಹತ್ತು ನಿಮಿಷ ಅಂಗಾತ ಮಲಗಿ ನಾಡಿ ಬರೆದುಕೊಳ್ಳಿ. ಆಮೇಲೆ ಗೋಡೆಗೆ ಒರಗಿ ಹತ್ತು ನಿಮಿಷ ಮಾತಾಡದೆ ನಿಲ್ಲಿ, ನಡುನಡುವೆ ಅಂಕಿ ಬರೆಯಲು ಒಬ್ಬರು ಪಕ್ಕದಲ್ಲಿರಲಿ. ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ, ಕುಳಿತುಬಿಡಿ. ದೊಡ್ಡವರಲ್ಲಿ ನಾಡಿ 30 ಅಥವಾ ಅದಕ್ಕೂ ಹೆಚ್ಚು ಏರಿ ಹಾಗೇ ಉಳಿದರೆ ಆ ಚೀಟಿಯನ್ನು ವೈದ್ಯರಿಗೆ ತೋರಿಸಿ; ಸೋಂಕಿನ ನಂತರ ನರಗಳ ಹಿಡಿತ ತಪ್ಪಿ ಹೀಗಾಗುವುದುಂಟು, ಚಿಕಿತ್ಸೆಯಿದೆ. ಉಪ್ಪು–ನೀರು ಹೆಚ್ಚಿಸಿ ಎಂಬ ಸಲಹೆ ಯೂಟ್ಯೂಬ್‌ನಲ್ಲಿ ಹರಿದಾಡುತ್ತಿದೆ. ಬಿಪಿ, ಮೂತ್ರಪಿಂಡ, ಹೃದಯದ ತೊಂದರೆ ಇದ್ದವರು ಕೇಳದೆ ಅದನ್ನು ಮಾಡುವಂತಿಲ್ಲ. ಇನ್ನು ಆಮ್ಲಜನಕ ಕೂತಾಗ 94ಕ್ಕಿಂತ ಕೆಳಗಿದ್ದರೆ, ಅಥವಾ ಆರು ನಿಮಿಷ ನಡೆದಾಗ ಮೂರು ಅಂಕಕ್ಕಿಂತ ಹೆಚ್ಚು ಇಳಿದರೆ ಎದೆಯ ತಪಾಸಣೆ ಅವತ್ತೇ ಆಗಲಿ.

ಉಳಿದವನ್ನು ಜಾಗ ಸಾಲದೆ ಓಡುತ್ತಾ ಹೇಳುತ್ತೇನೆ. 2021ರ ಚೀಟಿ ತೋರಿಸಿ ಸ್ಟಿರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆ ಕೊಳ್ಳಬೇಡಿ. ಅಂಕೆ ತಪ್ಪಿದ ಸಕ್ಕರೆ ಮತ್ತು ಬೇಕಾಬಿಟ್ಟಿ ಸ್ಟಿರಾಯ್ಡ್ ಸೇರಿ ಆ ವರ್ಷ ಕಪ್ಪು ಶಿಲೀಂಧ್ರಕ್ಕೆ ಎಷ್ಟು ಕಣ್ಣುಗಳು ಹೋದವು ಎಂಬುದು ಮರೆಯುವಂಥದ್ದಲ್ಲ. ಕೆಮ್ಮು ಎರಡು ವಾರ ದಾಟಿದರೆ ‘ಕೋವಿಡ್ ಕೆಮ್ಮು’ ಎಂದು ಕೂರದೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಮಾಡಿಸಿ, ದುಡ್ಡಿಲ್ಲ. ವಾಸನೆ ಮರಳದವರು ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆಯನ್ನು ಒಂದೊಂದಾಗಿ 20 ಸೆಕೆಂಡಿನಂತೆ ದಿನಕ್ಕೆರಡು ಸಲ, ತಿಂಗಳುಗಟ್ಟಲೆ ಮೂಸಿ ಅಭ್ಯಾಸ ಮಾಡಬೇಕು. ಮರುಸೋಂಕು ಅಪಾಯವನ್ನು ಮತ್ತೆ ಕೂಡಿಸುತ್ತದೆ. ಕಿಕ್ಕಿರಿದ ಬಸ್ಸಿನಲ್ಲಿ, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮಾಸ್ಕ್ ಹಾಕಿದವರನ್ನು ನೋಡಿ ನಗುವವರು ನಗಲಿ. ತಿಂಗಳುಗಟ್ಟಲೆ ಸುಸ್ತಾದವರಿಗೆ ಮನಸ್ಸೂ ಕುಗ್ಗುತ್ತದೆ, ಅದು ಕಾಯಿಲೆಯ ಕಾರಣವಲ್ಲ, ಫಲ. ನಿದ್ದೆ ಕೆಟ್ಟು ಬದುಕೇ ಬೇಡ ಎನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.