ಜೋಳದ ಬೂಷ್ಟಿನಲ್ಲಿ ವಿಷಕಾರಿ ಯಾವುದು?

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆ ಮುಂಗಾರು ಜೋಳದ ತೆನೆ ಬಲಿಯುವಾಗ ಮಳೆ ಹಿಡಿದರೆ ಕಾಳಿಗೆ ಬಿಳಿಯ, ನಸುಗೆಂಪಿನ ಬೂಷ್ಟು ಕಟ್ಟುವುದನ್ನು ವಾಚಕರು ಕಂಡಿರಬಹುದು. ಫ್ಯುಸೇರಿಯಂ ಕುಲದ ಶಿಲೀಂಧ್ರಗಳು ಅದರಲ್ಲಿ ಮುಖ್ಯವಾದವು. ಇವುಗಳಲ್ಲಿ ಕೆಲವು ಫ್ಯುಮೋನಿಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. 1995ರಲ್ಲಿ ಇದೇ ದಖ್ಖಣ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ, ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳಗಳನ್ನು ಉಂಡವರು ಹೊಟ್ಟೆನೋವು, ಭೇದಿಗಳಿಂದ ನರಳಿದರು. ಕಾರಣ ಈ ವಿಷವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ವರದಿ ಮಾಡಿದರು. ರೊಟ್ಟಿಯ ಹಂಚಿನ ಕಾವಿಗೆ ಅದು ಪೂರ್ತಿ ನಾಶವಾಗದು.

ವಿಷಕಾರಿಯನ್ನು ಗುರುತಿಸುವುದೆಂತು? ಫ್ಯುಸೇರಿಯಂ ವರ್ಟಿಸಿಲಿಯಾಯ್ಡಿಸ್ ಈ ವಿಷವನ್ನು ಹೇರಳವಾಗಿ ತಯಾರಿಸಬಲ್ಲದು. ಥ್ಯಾಪ್ಸಿನಮ್ ತಯಾರಿಸುವುದು ಅತ್ಯಲ್ಪ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಅವಳಿಜವಳಿ. ಹಿಂದೆ ಇವೆರಡಕ್ಕೂ ಮೊನಿಲಿಫಾರ್ಮೆ ಎಂಬ ಒಂದೇ ಹೆಸರಿತ್ತು! ಭೇದವಿರುವುದು ಡಿಎನ್‌ಎಯಲ್ಲಿ. ಬೇಕಾದ ಭಾಗಕ್ಕೆ ಮಾತ್ರ ಅಂಟುವ ಪ್ರೈಮರೆಂಬ ಕಿರುತುಂಡುಗಳನ್ನೂ ಕಿಣ್ವವನ್ನೂ ಸೇರಿಸಿ ಕಾಯಿಸುತ್ತ ತಣಿಸುತ್ತ ಹೋದರೆ ಆ ಭಾಗ ಸುತ್ತುಸುತ್ತಿಗೂ ಇಮ್ಮಡಿಸುತ್ತದೆ. 30 ಸುತ್ತುಗಳಲ್ಲಿ ಒಂದು ಅಣು ನೂರು ಕೋಟಿಯನ್ನು ಮೀರಬೇಕು. (ಚದುರಂಗದ ಮನೆಗಳಲ್ಲಿ ಕಾಳಿಟ್ಟ ಕಥೆಯ ಲೆಕ್ಕವೇ ಇದು, ಪ್ರಯೋಗಶಾಲೆಯಲ್ಲಿ ಫಲ ಕೊಂಚ ಕಡಿಮೆ.) ಮೊದಲು ಜಾತಿಯನ್ನು, ಅನಂತರ ವಿಷತಯಾರಿಕೆಗೆ ಅವಶ್ಯವಾದ ಫಮ್1 ಜೀನನ್ನು ಹೀಗೆ ಹುಡುಕುತ್ತಾರೆ. ಜೀನು ಸಿಕ್ಕಿದ ಮಾತ್ರಕ್ಕೆ ಕಾಳಿನಲ್ಲಿ ವಿಷ ಸೇರಿದೆಯೆಂದು ಹೇಳಲಾಗದು. ಅದನ್ನು ರಾಸಾಯನಿಕವಾಗಿ ಅಳೆದೇ ತಿಳಿಯಬೇಕು.